ಹೆಸರುಗಳ ಬಾಲ

ಫೆಬ್ರವರಿ ೩

ಮೆಣಸಿಗೆ,

ಚಿಕ್ಕಮ್ಮನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುತ್ತಿಲ್ಲ, ಅದಕ್ಕೂ ನಿನ್ನ ಬುದ್ಧಿಯೇ ಬಂದಿದೆ.

ಎರಡು ವರ್ಷದ ಮೇಲೆ ಇದ್ದಕ್ಕಿದ್ದಂತೆ ಕಾಗದ ಬಂತೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಕೆಲಸದ ವಿಷಯಕ್ಕೆ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಮ್ಮಿಬ್ಬರ ಮಾತು "ಹೂಂ", "ಸರಿ", "ಇಡ್ಲಾ" ಎನ್ನುವಲ್ಲಿಗೆ ಮುಗಿಯುತ್ತದೆ. ಅದರಿಂದ ಯಾವ ಕೆಲಸವೂ ಆಗುವುದಿಲ್ಲ.

ರೈಲು ನಿಲ್ದಾಣದ ಹಿಂದೆ ಹೊಸದಾಗಿ ಮೂರು ಕಟ್ಟಡ ಎದ್ದಿವೆ. ಪಂಪು ತಯಾರಿಸುವ ಕಾರ್ಖಾನೆಯವರು ತಮ್ಮ ಕೆಲಸಗಾರರಿಗಾಗಿ ಕಟ್ಟಿಸಿದ್ದು. ಕೆಲಸಗಾರರು ಯಾವ ಯಾವ ದೇಶದಿಂದಲೋ ಸಂಸಾರ ಸಮೇತ ಬಂದಿಳಿದಿದ್ದಾರೆ. ಎಲ್ಲರ ಬಾಗಿಲಿಗೂ ಹಿತ್ತಾಳೆ ಅಕ್ಷರದ ಹೆಸರುಫಲಕ ನಮ್ಮ ಅಂಗಡಿಯಿಂದಲೇ ಆಗಬೇಕು ಎಂದು ಹೇಳಿ ಹೋಗಿದ್ದಾರೆ. ಸಂತೋಷವೇ. ಆದರೆ ನಮ್ಮ ಕೆಲಸದ ರೀತಿಯನ್ನು ನೀನು ಮರೆತಿರಲಿಕ್ಕಿಲ್ಲ. ಬಿಡುವಿದ್ದಾಗ ಹೆಸರಿನ ಕೊನೆಯ ಅಕ್ಷರಗಳನ್ನು, ಅಂದರೆ ಬಾಲಗಳನ್ನು, ತಗಡಿನಲ್ಲಿ ಕೊಯ್ದು, ಅರ ಹಾಕಿ ಉಜ್ಜಿ, ಡಬ್ಬಿಯಲ್ಲಿ ತುಂಬಿಡುವುದು. ಗಿರಾಕಿ ಬಂದಾಗ ತಲೆ ಮಾತ್ರ ಕೊಯ್ದು ಬಾಲಕ್ಕೆ ಸೇರಿಸುವುದು. ಹೆಸರಿನ ಶುರು ಒಬ್ಬೊಬ್ಬರದು ಒಂದೊಂದು ಥರ, ಕೊನೆ ಮಾತ್ರ ಊರಿಗೆಲ್ಲ ಒಂದೇ ಎನ್ನುತ್ತಿದ್ದರಲ್ಲ ನಿನ್ನಪ್ಪ. ನಮ್ಮವರಿಗಾದರೆ ಪ್ಪ, ಮ್ಮ, ಯ್ಯ, ಣ್ಣ ಬೇಕಾದಷ್ಟಿದೆ. ಈ ಹೊಸಬರ ಬಾಲ ನನಗೆ ಗೊತ್ತಿಲ್ಲ. ನೀನು ಬಂದರಿನ ಊರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಂಚೆ ವಿಂಗಡಿಸುವವಳು. ಲೋಕದ ಹೆಸರೆಲ್ಲ ನಿನ್ನ ಕೈಮೇಲೇ ಹಾದುಹೋಗುತ್ತದೆ. ಯಾವ ಭಾಷೆಯವರ ಹೆಸರು ಹೇಗೆ ಮುಗಿಯುತ್ತದೆ ಎಂದು ಬರೆದು ಕಳಿಸು. ನಾನು ಈಗಿನಿಂದಲೇ ಕೊಯ್ಯಲು ಕೂರುತ್ತೇನೆ.

ಇನ್ನೊಂದು ಮಾತು. ನಮ್ಮ ಹಾಲಿನಂಗಡಿಯವಳ ತಂಗಿ ನಿಮ್ಮ ಬೀದಿಯಲ್ಲೇ ಇದ್ದಾಳೆ. ನಿನಗೆ ಅವಳು ಗೊತ್ತಿಲ್ಲದಿದ್ದರೂ ಅವಳಿಗೆ ನೀನು ಗೊತ್ತು. ನೀನು ಬಸುರಿಯಂತೆ. ನೀನಾಗಿ ಹೇಳಿಲ್ಲ, ಆದ್ದರಿಂದ ನಾನಾಗಿ ಕೇಳುವುದಿಲ್ಲ. ಗಿರಾಕಿ ಬಾಯಿಬಿಟ್ಟು ಹೇಳುವ ತನಕ ತಲೆ ಕೊಯ್ಯಬಾರದು ಎಂಬುದು ಅಂಗಡಿಯ ಕಟ್ಟಳೆ. ಕೊಯ್ದರೆ ತಗಡೂ ದಂಡ, ಮರ್ಯಾದೆಯೂ ದಂಡ.

ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿ.

ಇಂತಿ,
ಚಿಕ್ಕಮ್ಮ


ಫೆಬ್ರವರಿ ೨೧

ಚಿಕ್ಕಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಅಪ್ಪ ಹೋದ ಮೇಲೆ ನನ್ನನ್ನು ಮೆಣಸು ಎಂದು ಕರೆಯುವವರು ಯಾರೂ ಇರಲಿಲ್ಲ. ನೀವು ಲಕೋಟೆಯ ಮೇಲೂ ಅದನ್ನೇ ಬರೆದಿದ್ದೀರಿ. ಅದು ನಮ್ಮ ಕೋಣೆಗೇ ವಿಂಗಡಣೆಗೆ ಬಂದು, ಎಲ್ಲರೂ ಓದಿ ನಕ್ಕು, ಕೊನೆಗೆ ನನಗೆ ಸಿಕ್ಕಿತು.

ಕೇಳಿದ್ದನ್ನು ಬರೆಯುತ್ತೇನೆ. ಅವರವರ ಲಿಪಿಯ ಅಕ್ಷರಗಳನ್ನು ಬೇರೆ ಹಾಳೆಯಲ್ಲಿ ಬಿಡಿಸಿ ಜೊತೆಗಿಟ್ಟಿದ್ದೇನೆ. ಒಂದು ಭಾಷೆಯವರ ಹೆಸರೆಲ್ಲ "ಯಾನ್" ಎಂದು ಮುಗಿಯುತ್ತದೆ. ಇಂಥ ಮನೆತನದವರು ಎಂದು ಅರ್ಥವಂತೆ. ಇನ್ನೊಬ್ಬರದು "ಒಗ್ಲು", ಮತ್ತೊಬ್ಬರದು "ಸೆನ್". ಎರಡಕ್ಕೂ ಮಗ ಎಂದೇ ಅರ್ಥ. "ಶ್ವಿಲಿ" ಎಂದರೆ ಮಗು. "ಜಾದೆ" ಎಂದರೆ ಇಂಥವರಿಗೆ ಹುಟ್ಟಿದವರು. ನಮ್ಮ ಮೇಲಧಿಕಾರಿಯ ಹೆಸರು "ಪುಲೋಸ್" ಎಂದು ಮುಗಿಯುತ್ತದೆ. ಏನು ಸಾರ್ ಹಾಗೆಂದರೆ ಎಂದು ಕೇಳಿದೆ. ಮರಿ ಎಂದರು. ಆರಡಿ ಎತ್ತರ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವ ಮರಿ. "ಓವ್" ಎಂದು ಮುಗಿಯುವವರು ಎಲ್ಲರಿಗಿಂತ ಹೆಚ್ಚು. ಆ ಡಬ್ಬಿ ದೊಡ್ಡದೇ ಇರಲಿ.

ನೀವು ಕೇಳುವುದಿಲ್ಲ ಎಂದಿದ್ದೀರಿ. ಆದರೂ ಹೇಳುತ್ತೇನೆ. ಹೌದು, ಜೂನ್ ತಿಂಗಳಿಗೆ. ಇವರ ಹಡಗು ಹೊರಟು ತಿಂಗಳಾಯಿತು, ಆಗಸ್ಟ್‌ಗೆ ಮುಂಚೆ ದಡ ಕಾಣುವುದಿಲ್ಲ. ನಾನು ನಿಭಾಯಿಸಿಕೊಳ್ಳುತ್ತೇನೆ.

ಅಪ್ಪನ ಕಾರ್ಯವೆಲ್ಲ ಮುಗಿದ ದಿನ ಗೇಟಿನ ಹತ್ತಿರ ನಿಮ್ಮನ್ನೊಂದು ಮಾತು ಕೇಳಿದ್ದೆ. ಅಮ್ಮ ಸತ್ತಾಗ ಅಮ್ಮನ ತಂಗಿಯಾಗಿ ನನ್ನನ್ನು ನೋಡಿಕೊಳ್ಳಲು ಬಂದಿರಿ, ಆಮೇಲೆ ಅಪ್ಪನ ಹೆಂಡತಿಯಾಗಿ ಉಳಿದಿರಿ. ಈಗ ಅವರಿಬ್ಬರೂ ಇಲ್ಲ. ಇನ್ನು ನಾನೂ ನೀವೂ ಏನಾಗಬೇಕು ಎಂದು ಕೇಳಿದ್ದೆ. ನೀವು ಚೀಲ ನನ್ನ ಕೈಗೆ ಕೊಟ್ಟು, ರೈಲಿಗೆ ಹೊತ್ತಾಯಿತು ಎಂದಿರಿ. ಅದಕ್ಕೇ ನಾನು ಬರೆಯಲಿಲ್ಲ. ಬೇರೆ ಕಾರಣ ಹುಡುಕಬೇಡಿ.

ಇಂತಿ,
ನಿಮ್ಮ ಅಕ್ಕನ ಮಗಳು


ಮಾರ್ಚ್ ೧೫

ಮೆಣಸಿಗೆ,

ಏನೇ ಇದು, ನೀವು, ನಿಮ್ಮ, ಚಿಕ್ಕಮ್ಮನವರಿಗೆ? ನಾನು ಯಾವಾಗ ನಿನ್ನ ಕಚೇರಿಯ ಅಧಿಕಾರಿಯಾದೆ? ಮೂಗು ಸೋರುತ್ತಿದ್ದ ಕಾಲಕ್ಕೆ ನನ್ನ ಸೆರಗಿಗೇ ಒರೆಸಿಕೊಂಡವಳು ನೀನು. ಇರಲಿ, ಬರೆಯುವವರ ಕೈಯನ್ನು ಹಿಡಿಯಲಾಗುತ್ತದೆಯೇ.

ನೀನು ಹೇಳಿದ ಬಾಲಗಳೆಲ್ಲ ಸರಿಹೋದವು. ಒಂದು ಮಾತ್ರ ಕೈಕೊಟ್ಟಿತು. ಓವ್ ಹೆಚ್ಚು ಬೇಕು ಎಂದೆಯಲ್ಲ, ಕೂತು ಡಬ್ಬಿ ತುಂಬ ಓವ್ ಕೊಯ್ದೆ. ಮನೆಯ ಬಾಗಿಲಿಗೆ ಗಂಡನದೊಂದು ಫಲಕ, ಹೆಂಡತಿಯದೊಂದು ಫಲಕ. ಎಲ್ಲಕ್ಕೂ ಓವ್ ಬಡಿದು ಕೊಟ್ಟೆ. ಮಾರನೆಯ ದಿನ ಮೂರನೇ ಮಹಡಿಯ ಒಬ್ಬ ಅಜ್ಜಿ ಫಲಕ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದಳು. ಅರ್ಧ ಅವಳ ಮಾತು, ಅರ್ಧ ನಮ್ಮ ಮಾತು, ಉಳಿದದ್ದು ಕೈಸನ್ನೆ. ಅವರಲ್ಲಿ ಹೆಂಗಸರ ಬಾಲವೇ ಬೇರೆಯಂತೆ, ಓವಾ ಆಗಬೇಕಂತೆ. ನಾನು ಅವಳನ್ನು ಅವಳ ಗಂಡನ ತಮ್ಮನನ್ನಾಗಿ ಮಾಡಿಬಿಟ್ಟಿದ್ದೆ. ಬೈಯುತ್ತಾಳೆ ಅಂದುಕೊಂಡೆ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡು, ಸತ್ತ ಮೈದುನ ನೆನಪಾದ ಎಂದಳು. ಪುಣ್ಯಕ್ಕೆ ಅವರ ಲಿಪಿಯಲ್ಲಿ ಕೊನೆಗೊಂದು ಅಕ್ಷರ ಸೇರಿಸಿದರೆ ಸಾಕಂತೆ. ಆ ಕಟ್ಟಡದ ಹೆಂಗಸರಿಗೆಲ್ಲ ಈಗ ಒಂದೊಂದು ಅಕ್ಷರ ಕೊಯ್ಯುತ್ತಾ ಕೂತಿದ್ದೇನೆ. ಹೆಣ್ಣು ಮಗಳಾಗಿ ಹೆಂಗಸರ ಬಾಲವನ್ನೇ ಮರೆತೆಯಲ್ಲ, ಬೇಕೆಂದೇ ಬಿಟ್ಟೆಯೋ ಏನೋ.

ಕೊಯ್ಯುತ್ತಾ ಒಂದು ತಮಾಷೆ ಹೊಳೆಯಿತು. ಅವರ ಹೆಸರಿನ ಕೊನೆಗೆಲ್ಲ ಮಗ, ಮಗು, ಮರಿ. ನಮ್ಮ ಹೆಸರಿನ ಕೊನೆಗೆ ನೋಡು, ಅಪ್ಪ, ಅಮ್ಮ, ಅಯ್ಯ, ಅಣ್ಣ. ನಮ್ಮಲ್ಲಿ ತೊಟ್ಟಿಲಲ್ಲಿ ಒದ್ದೆ ಮಾಡಿಕೊಂಡು ಮಲಗಿರುವ ಕೂಸೂ ಅಪ್ಪ. ಅವರಲ್ಲಿ ಹಲ್ಲು ಬಿದ್ದ ಮುದುಕನೂ ಇನ್ನೂ ಯಾರದೋ ಮಗ. ಯಾರದು ಸರಿಯೋ ನನಗೆ ಗೊತ್ತಿಲ್ಲ, ಎರಡೂ ಒಳ್ಳೆಯದೇ ಅನ್ನಿಸಿತು. ನಿನ್ನಪ್ಪ ಇದ್ದಿದ್ದರೆ ಈ ಮಾತಿಗೆ ಒಂದು ಸಂಜೆಯೆಲ್ಲ ಕಳೆಯುತ್ತಿದ್ದರು.

ಅಜ್ಜಿ ಆ ಮಧ್ಯಾಹ್ನ ಇಲ್ಲೇ ಕೂತಳು. ಎಷ್ಟು ಮಕ್ಕಳು ಎಂದು ಕೇಳಿದಳು. ಒಬ್ಬಳು ಎಂದೆ. ಬಾಯಿತಪ್ಪಿ ಬಂದ ಮಾತಲ್ಲ, ಯೋಚಿಸಿಯೇ ಹೇಳಿದೆ. ಅವಳು ಬಸುರಿ ಎಂದೂ ಹೇಳಿದೆ. ಹೆರಿಗೆಗೆ ಯಾರಿರುತ್ತಾರೆ ಎಂದು ಕೇಳಿದಳು. ನನಗೆ ಯಾರೂ ಹೇಳಿಲ್ಲ ಎಂದೆ.

ನಿನ್ನ ಗಂಡನ ಕಡೆಯವರ ಬಾಲ ಯಾವುದು? ಕಾಲು ಊದಿಕೊಂಡಿದ್ದರೆ ಮಣೆಯ ಮೇಲಿಟ್ಟುಕೊಂಡು ಕೂರು.

ಇಂತಿ,
ಚಿಕ್ಕಮ್ಮ


ಏಪ್ರಿಲ್ ೬

ಚಿಕ್ಕಮ್ಮನಿಗೆ,

ಇವರ ಕಡೆ ಮನೆತನದ ಹೆಸರೇ ಇಲ್ಲ. ಗಂಡು ಮಗುವಾದರೆ ಅಪ್ಪನ ಹೆಸರಿಗೆ "ಸೊನ್" ಸೇರಿಸುತ್ತಾರೆ, ಹೆಣ್ಣಾದರೆ "ದೋತ್ತಿರ್". ಇಂಥವನ ಮಗ, ಇಂಥವನ ಮಗಳು ಎಂದು. ಕೆಲವರು ತಾಯಿಯ ಹೆಸರಿಗೂ ಸೇರಿಸುತ್ತಾರಂತೆ. ನೀವು ಡಬ್ಬಿ ತುಂಬಿಸಬೇಡಿ, ನಮ್ಮದು ಒಂದೇ ಬಾಗಿಲು.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಹೆರಿಗೆ ಕೋಣೆಯೊಳಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ. ಗಂಡ, ಇಲ್ಲವೇ ತಾಯಿ. ಗಂಡ ಸಮುದ್ರದಲ್ಲಿದ್ದಾರೆ ಎಂದೆ. ಹಾಗಾದರೆ ಅಮ್ಮನನ್ನು ಕರೆಸಿ ಎಂದರು. ಅಮ್ಮ ಇಲ್ಲ ಎಂದೆ. ಆ ಹೆಂಗಸು ಪೆನ್ನು ಕೆಳಗಿಟ್ಟು, ಪರವಾಗಿಲ್ಲ ಬಿಡಿ, ನಾವೆಲ್ಲ ಇರ್ತೀವಿ ಎಂದಳು. ಅವಳು ಒಳ್ಳೆಯವಳೇ. ಆದರೆ ಬಸ್ಸಿನಲ್ಲಿ ಬರುವಾಗ ನನಗೆ ತುಂಬಾ ಭಯವಾಯಿತು. ಇಷ್ಟು ದಿನ ಆಗಿರಲಿಲ್ಲ.

ಮನೆಗೆ ಬಂದು ನಿಮ್ಮ ಕಾಗದವನ್ನು ಮತ್ತೆ ಓದಿದೆ. ಒಬ್ಬಳು ಎಂದು ಹೇಳಿದ್ದೀರಿ. ಮೊದಲ ಸಲ ಓದಿದಾಗ ಸಂತೋಷವಾಗಿತ್ತು. ಈ ಸಲ ಕೋಪ ಬಂತು. ಊರವರ ಮುಂದೆ ಹೇಳುವ ಮಾತನ್ನು ನನ್ನ ಮುಂದೆ ಯಾಕೆ ಹೇಳಲಿಲ್ಲ?

ನಾನು ಒಂದನೇ ತರಗತಿಗೆ ಸೇರಿದ ವರ್ಷ. ಶಾಲೆ ಬಿಟ್ಟಿತ್ತು. ಎಲ್ಲ ಮಕ್ಕಳೂ ಅಮ್ಮಾ ಅಮ್ಮಾ ಎಂದು ಗೇಟಿಗೆ ಓಡುತ್ತಿದ್ದರು. ನೀವು ಕಂಬದ ಪಕ್ಕ ನಿಂತಿದ್ದಿರಿ, ಸೀರೆಗೆ ಹಿತ್ತಾಳೆ ಪುಡಿ ಮೆತ್ತಿತ್ತು. ನಾನೂ ಅಮ್ಮಾ ಎಂದು ಕೂಗಿಕೊಂಡು ಓಡಿಬಂದೆ. ನೀವು ಬಗ್ಗಿ ನನ್ನ ಬೂಟಿನ ದಾರ ಕಟ್ಟಿದಿರಿ. ಕಟ್ಟುತ್ತಲೇ ಹೇಳಿದಿರಿ, "ಅಮ್ಮ ಅಲ್ಲ ಕಣೇ, ಚಿಕ್ಕಮ್ಮ ಅನ್ನು." ಪಕ್ಕದಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಆಮೇಲೆ ನಾನು ಇವತ್ತಿನವರೆಗೂ ಹಾಗೆ ಕರೆದಿಲ್ಲ.

ಗಿರಾಕಿ ಬಾಯಿಬಿಟ್ಟು ಕೇಳಬೇಕು ಎನ್ನುತ್ತೀರಿ. ನಾನು ಅವತ್ತೇ ಬಾಯಿಬಿಟ್ಟು ಕೇಳಿದ್ದೆ.

ಇಂತಿ,
ಮೆಣಸು


ಮೇ ೪

ಮೆಣಸಿಗೆ,

ಉತ್ತರ ತಡವಾಯಿತು. ಬರೆದೆ, ಹರಿದೆ, ಮತ್ತೆ ಬರೆದೆ. ತಗಡು ಕೊಯ್ಯುವ ಕೈಗೆ ಇಂಥದ್ದೆಲ್ಲ ಒಗ್ಗುವುದಿಲ್ಲ. ಕೊನೆಗೆ ಮೂರನೇ ಮಹಡಿಯ ಅಜ್ಜಿಯೇ, ಸುಮ್ಮನೆ ಮನಸ್ಸಿಗೆ ಬಂದದ್ದು ಬರಿ, ನಿನ್ನ ಫಲಕದಲ್ಲೇ ಅಷ್ಟು ತಪ್ಪಿರುತ್ತೆ, ಕಾಗದದಲ್ಲಿ ಇದ್ರೇನು ಎಂದು ಬೈದಳು.

ನಿನ್ನಮ್ಮ ಹೋದಾಗ ನಿನಗೆ ನಾಲ್ಕು ತಿಂಗಳು. ಅಕ್ಕ ಬಾಣಂತನಕ್ಕೆ ಬಂದಾಗಿನಿಂದ ನಾನು ಅವಳ ಜೊತೆಯೇ ಇದ್ದೆ. ಅವಳಿಗೆ ಒಂದು ಹುಚ್ಚಿತ್ತು. ನಿನ್ನ ಮುಖದ ಮೇಲೆ ಬಗ್ಗಿಕೊಂಡು, "ಅಮ್ಮ ಅನ್ನು, ಎಲ್ಲಿ, ಅಮ್ಮ ಅನ್ನು" ಎಂದು ಹೇಳಿಕೊಡುತ್ತಿದ್ದಳು. ನಾಲ್ಕು ತಿಂಗಳ ಕೂಸಿಗೆ! ನಾನು ನಗುತ್ತಿದ್ದೆ. ಇನ್ನೂ ಕತ್ತೇ ನಿಂತಿಲ್ಲ, ಮಾತಾಡುತ್ತದೆಯೇ ಎಂದು ಆಡಿಕೊಳ್ಳುತ್ತಿದ್ದೆ. ಜ್ವರದಲ್ಲಿ ಮಲಗಿದಾಗಲೂ ಅವಳು ಅದನ್ನು ಬಿಡಲಿಲ್ಲ. ನೀನು ಅಮ್ಮ ಅನ್ನುವುದನ್ನು ಅವಳು ಒಂದು ಸಲವೂ ಕೇಳಲಿಲ್ಲ.

ಅವಳ ಮಗು, ಅವಳ ಗಂಡ, ಅವಳ ಅಡುಗೆಮನೆ, ಎಲ್ಲವೂ ನನಗೆ ಬಂತು. ಬಂದದ್ದನ್ನೆಲ್ಲ ತಗೊಂಡೆ, ಇಲ್ಲವೆನ್ನುವುದಿಲ್ಲ. ಆ ಒಂದು ಮಾತನ್ನಾದರೂ ಅವಳಿಗೆ ಬಿಡಬೇಕು ಎಂದುಕೊಂಡೆ. ಶಾಲೆಯ ಗೇಟಿನಲ್ಲಿ ನೀನು ಹಾಗೆ ಕೂಗಿಕೊಂಡು ಬಂದಾಗ ನನಗೆ ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದ ಹಾಗಾಯಿತು. ತಲೆ ಎತ್ತಲಾಗದೆ ದಾರ ಕಟ್ಟಿದೆ. ನಿಜ ಹೇಳಬೇಕೆಂದರೆ ನಿನ್ನ ಬೂಟಿನ ದಾರ ಬಿಚ್ಚಿಕೊಂಡೇ ಇರಲಿಲ್ಲ.

ನಾನು ತಪ್ಪು ಮಾಡಿದೆ ಎಂದು ಬರೆಯುತ್ತೇನೆ ಎಂದು ಕಾಯಬೇಡ. ಇವತ್ತು ಕರೆದರೂ ಬೇಡವೆಂದೇ ಹೇಳುತ್ತೇನೆ. ಅದು ಅಕ್ಕನದು. ಆದರೆ ಆರು ವರ್ಷದ ಹುಡುಗಿಗೆ ಅದು ಹೇಗೆ ಕೇಳಿಸಿರಬಹುದು ಎಂದು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ನಿನ್ನ ಕಾಗದ ಓದಿದ ದಿನ ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ.

ನಾವಿಬ್ಬರೂ ಏನಾಗಬೇಕು ಎಂದು ಕೇಳಿದೆಯಲ್ಲ. ಚಿಕ್ಕಮ್ಮ ಎನ್ನುವುದು ಅಷ್ಟು ಚಿಕ್ಕ ಮಾತು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಕಟ್ಟಳೆ ಗಿಟ್ಟಳೆ ಎಲ್ಲ ಆ ಕಡೆಗಿರಲಿ, ನಾನೇ ಕೇಳುತ್ತಿದ್ದೇನೆ. ಹೆರಿಗೆಗೆ ನಾನು ಬರಲೇ? ಬೇಡ ಎಂದಾದರೂ ಬರಿ. ಬರೆಯದೆ ಮಾತ್ರ ಇರಬೇಡ, ಎರಡು ವರ್ಷ ಆ ಕೆಲಸ ಮಾಡಿ ಇಬ್ಬರಿಗೂ ಸಾಕಾಗಿದೆ.

ಇಂತಿ,
ಚಿಕ್ಕಮ್ಮ


ಮೇ ೧೬

ಚಿಕ್ಕಮ್ಮನಿಗೆ,

ಬಾ.

ಬೆಳಗಿನ ರೈಲಿಗೆ ಹತ್ತು. ಸಂಜೆಯದು ದಾರಿಯಲ್ಲಿ ನಿಂತು ನಿಂತು ಬರುತ್ತದೆ, ನಿನ್ನ ಮಂಡಿಗೆ ಆಗುವುದಿಲ್ಲ. ನಮ್ಮ ಮನೆ ಎರಡನೇ ಮಹಡಿ, ಅರ್ಧಕ್ಕೆ ಕೂತು ಸುಧಾರಿಸಿಕೊಳ್ಳಲು ಒಂದು ಕಲ್ಲುಕಟ್ಟೆ ಇದೆ. ಅರವನ್ನೂ ಗರಗಸವನ್ನೂ ಹೊತ್ತುಕೊಂಡು ಬರಬೇಡ. ನೀನು ತರುತ್ತೀಯ ಎಂದು ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ ಅಮ್ಮ ಎಂದು ಹೇಳಿಬಿಡು. ನನಗಾಗಿ ಅಲ್ಲ, ಒಳಗೆ ಬಿಡುವುದಕ್ಕೆ. ಅಲ್ಲಿ ನಿಂತು ನ್ಯಾಯ ಹೇಳಬೇಡ. ನಿನ್ನ ಅಕ್ಕ ಒಂದು ದಿನದ ಮಟ್ಟಿಗೆ ಏನೂ ಅಂದುಕೊಳ್ಳುವುದಿಲ್ಲ.

ಮಗು ತುಂಬಾ ಒದೆಯುತ್ತದೆ. ನಿನ್ನ ಕಾಗದವನ್ನು ಜೋರಾಗಿ ಓದಿದಾಗ ಇನ್ನೂ ಹೆಚ್ಚು.

ಮೆಣಸು


ಜೂನ್ ೧೯

ಅಳಿಯಂದಿರಿಗೆ,

ನಾವಿಬ್ಬರೂ ಇನ್ನೂ ಮುಖ ನೋಡಿಲ್ಲ. ನೀವು ನಮ್ಮ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತೀರಿ ಎಂದು ನಿಮ್ಮ ಹೆಂಡತಿ ಹೇಳಿದಳು. ಅದಕ್ಕೇ ಫಲಕದ ಮೇಲೆ ಬರೆಯುವ ಹಾಗೆ ದೊಡ್ಡದಾಗಿ ಬರೆಯುತ್ತಿದ್ದೇನೆ.

ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಈ ಸುದ್ದಿ ನಿಮಗೆ ಹಡಗಿನ ಕಚೇರಿಯಿಂದ ಆಗಲೇ ಮುಟ್ಟಿರುತ್ತದೆ. ಕೂದಲು ದಟ್ಟವಾಗಿದೆ, ಮೂಗು ನಿಮ್ಮದಂತೆ, ಸಿಟ್ಟು ಯಾರದೆಂದು ಕೇಳುವ ಹಾಗೇ ಇಲ್ಲ. ಹೆಸರು ನೀವು ಬಂದ ಮೇಲೆ. ಅಪ್ಪನ ಹೆಸರಿಗೆ ಸೇರಿಸುವುದೋ ಅಮ್ಮನ ಹೆಸರಿಗೋ ಎಂದು ಇವಳು ಇನ್ನೂ ಯೋಚಿಸುತ್ತಿದ್ದಾಳೆ. ನಾನು ಬಾಯಿ ಹಾಕುವುದಿಲ್ಲ ಎಂದು ಹೇಳಿದ್ದೇನೆ, ಯಾರೂ ನಂಬುತ್ತಿಲ್ಲ.

ಇನ್ನು ಮೇಲೆ ಬರೆಯುವುದನ್ನು ಇವಳು ನಿಮಗೆ ಹೇಳುವುದಿಲ್ಲ. ಇವಳಿಗೇ ನೆನಪಿಲ್ಲ. ನಾನೂ ಇವಳಿಗೆ ಹೇಳಿಲ್ಲ. ಯಾರಿಗಾದರೂ ಹೇಳಬೇಕು ಅನ್ನಿಸಿತು, ಅಳಿಯ ದೂರದಲ್ಲಿರುವುದೇ ಅನುಕೂಲ.

ಆಸ್ಪತ್ರೆಯಲ್ಲಿ ಕೇಳಿದರೆ ಅಮ್ಮ ಎಂದು ಹೇಳಿಬಿಡು ಎಂದು ಇವಳು ಮೊದಲೇ ಹೇಳಿಕೊಟ್ಟಿದ್ದಳು. ರೈಲಿನಲ್ಲಿ ಬರುವಾಗ ಕಿಟಕಿಯ ಕಡೆ ತಿರುಗಿ ಅಭ್ಯಾಸವನ್ನೂ ಮಾಡಿದ್ದೆ. ಆದರೆ ಇವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಬಾಗಿಲಲ್ಲಿ ನರ್ಸ್ ನನ್ನನ್ನು ತಡೆದು, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ಬಾಯಿಗೆ ಚಿಕ್ಕಮ್ಮ ಎಂದೇ ಬಂತು. ಎಷ್ಟು ವರ್ಷದ ರೂಢಿ. ಅವಳು ಮರ್ಯಾದೆಯಿಂದಲೇ, ತಾಯಿಗೆ ಮಾತ್ರ ಅವಕಾಶ, ಆ ಬೆಂಚಿನ ಮೇಲೆ ಕೂತಿರಿ ಎಂದಳು. ಬಾಗಿಲು ಮುಚ್ಚಿಕೊಂಡಿತು. ಅಷ್ಟು ದೂರ ಬಂದು ಒಂದು ಸುಳ್ಳು ಹೇಳಲು ಬರದೆ ಹೊರಗೆ ಕೂತೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಆ ಸಾಲಿನಲ್ಲಿ ಇನ್ನೂ ಎಷ್ಟೋ ಕೋಣೆಗಳಿದ್ದವು. ನಿಮ್ಮದು ಬಂದರಿನ ಊರು, ಹೆರಲು ಬಂದವರೂ ನಾನಾ ಭಾಷೆಯವರು. ನೋವು ಬಂದಾಗ ಎಲ್ಲರೂ ಅಮ್ಮನನ್ನೇ ಕೂಗುತ್ತಿದ್ದರು. ಒಬ್ಬಳು ಮಾಮಾ ಎನ್ನುತ್ತಿದ್ದಳು, ಇನ್ನೊಬ್ಬಳು ಆನಾ, ಮತ್ತೊಬ್ಬಳು ನಮ್ಮ ಹಾಗೆಯೇ ಅಮ್ಮಾ. ಶುರು ಬೇರೆ ಬೇರೆ, ಕೊನೆಗೆ ಎಲ್ಲರದೂ ಒಂದೇ "ಆ", ಪಡಸಾಲೆಯ ಉದ್ದಕ್ಕೂ. ನಾನು ಇವಳ ದನಿಗಾಗಿ ಕಿವಿಯಿಟ್ಟು ಕೂತೆ. ಇವಳೂ ಅಮ್ಮಾ ಎಂದೇ ಕೂಗುತ್ತಾಳೆ, ಕೂಗಲಿ, ಅಕ್ಕ ಎಲ್ಲಿದ್ದರೂ ಕೇಳಿಸಿಕೊಳ್ಳಲಿ ಎಂದು ನಿಜವಾಗಿಯೂ ಅಂದುಕೊಂಡೆ.

ಆಗ ಇವಳ ಕೂಗು ಕೇಳಿಸಿತು. ಅಳಿಯಂದಿರೇ, ಅಷ್ಟು ನೋವಿನಲ್ಲಿ, ಯಾರಿ‌ಗೂ ಯೋಚಿಸಿ ಕೂಗಲಾಗದ ಹೊತ್ತಿನಲ್ಲಿ, ನಿಮ್ಮ ಹೆಂಡತಿ ಚಿಕ್ಕಮ್ಮಾ ಎಂದು ಕೂಗಿದಳು. ಒಂದು ಸಲವಲ್ಲ. ಮತ್ತೆ ಮತ್ತೆ ಅದನ್ನೇ.

ಬಾಗಿಲು ತೆರೆಯಿತು. ಅದೇ ನರ್ಸ್. "ಚಿಕ್ಕಮ್ಮ ಅಂದ್ರೆ ನೀವೇ ತಾನೇ? ಬೇಗ ಒಳಗೆ ಬನ್ನಿ" ಅಂದಳು.

ಹೋದೆ.

ಇಂತಿ,
ಚಿಕ್ಕಮ್ಮ